ಚತುರ್ದಶಿ ದಿನ ಮಸಾಲಿ ಮಾರಾಕ ಕುಂತದ್ದು

ಆವಾಗ ನನಗ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು. ಮೊಣಕಾಲು ಆವಾಗೂ ನೋಯತಿತ್ತು, ಈಗೂ ನೋಯತೈತಿ. ಅದರ ಸುದ್ದಿ ಇಲ್ಲಿಗೆ ಮುಗೀತು.

ನನ್ನ ಮಗನ ಮಗಳು ಬೆಳಗಾವ್ಯಾಗ ಎಂ.ಬಿ.ಎ. ಮುಗಿಸಿ ಅಕ್ಕೋಳದ ನಮ್ಮ ಮನಿಗೆ ಬಂದಳು. ಒಂದು ಬ್ಯಾಗು, ಒಂದು ಲ್ಯಾಪ್‌ಟಾಪು, ಹಾಸ್ಟೆಲ್ಲಿನ ಬಕೀಟು. ಓಣಿ ಹೆಂಗಸರು ನೋಡಾಕ ಬಂದರು.

"ಏನ ಕಲತಿಯವಾ?"

"ಮಾರ್ಕೆಟಿಂಗ್."

"ಅಂದ್ರ?"

"ಮಾಲು ಹೆಂಗ ಮಾರೂದು ಅಂತ."

ಒಬ್ಬಾಕಿ ಸೆರಗಿನ್ಯಾಗ ನಕ್ಕಳು. "ಅದಕ್ಕ ಬೆಳಗಾವಿ ತನಾ ಯಾಕ ಹೋಗಬೇಕಿತ್ತು? ನಿಮ್ಮಪ್ಪ ಕುಂತಲ್ಲೇ ಮಾರತಾನಲ್ಲ."

ಮಾತು ಖರೆ. ನನ್ನ ಮಗಂದು ನಿಪ್ಪಾಣ್ಯಾಗ ಕಿರಾಣಿ ಅಂಗಡಿ. ನಮ್ಮ ಜೈನರ ಮನಿಗಳಾಗ ವ್ಯಾಪಾರ ಅಂದ್ರ ಗಾದಿ. ಬೆಳಿಗ್ಗೆ ಅಂಗಡಿ ಬಾಗಲಾ ತೆಗದು, ಊದಿನಕಡ್ಡಿ ಹಚ್ಚಿ, ಬಿಳಿ ಅರಿವಿ ಹಾಸಿದ ಗಾದಿ ಮ್ಯಾಲ ಕುಂದರೂದು. ಬೇಕಾದವರು ಬರತಾರ. ನಾವು ಯಾರ ಬಾಗಲಿಗೂ ಹೋಗೂದಿಲ್ಲ. ನನ್ನ ಮಾವ ಹಂಗ ಕುಂತ, ಗಂಡ ಹಂಗ ಕುಂತ, ಮಗಾ ಹಂಗ ಕುಂತಾನ. ಕುಂತ ಕುಂತ ಮೂವರಿಗೂ ಹೊಟ್ಟಿ ಬಂತು.

ಆ ಗಾದಿ ಮುಂದ ಕಂಪನಿ ಹುಡುಗರು ಬಂದು ನಿಲ್ಲತಾರ. ಬಿಸ್ಕೀಟಿನವ, ಸಾಬೂನಿನವ, ಚಹಾಪುಡಿಯವ. ಹೆಗಲಿಗೆ ಚೀಲ, ಕೈಯಾಗ ಮೊಬೈಲು. ಮೆಟ್ಟಲ ಕೆಳಗ ಬಿಸಲಾಗ ನಿಂತು, "ಶೇಠ್ರ, ಈ ವಾರ ಆರ್ಡರ್ ಏನರ ಐತೇನ್ರಿ?" ಅಂತಾರ. ಮಗಾ ಕೇಳಿದರೂ ಕೇಳದವನಂಗ ಗಿರಾಕಿ ಕಡೆ ಮಾತಾಡತಾನ. ಬ್ಯಾಸರಾದ ಮ್ಯಾಲ, "ನಾಳೆ ಬಾರಪಾ" ಅಂತಾನ.

ಹಿಂಗಾಗಿ ಮೊಮ್ಮಗಳು ಕಂಪನಿಯ ಮಾರ್ಕೆಟಿಂಗ್ ನೌಕರಿ ಹಿಡಿತೀನಿ ಅಂದಾಗ ಅವ ಊಟದ ತಾಟು ದೂಡಿದ.

"ಗೊತ್ತೈತೇನು ನಿನಗ, ಆ ನೌಕರಿ ಅಂದ್ರ ಏನಂತ? ನನ್ನ ಅಂಗಡಿ ಮುಂದ ನಿಲ್ಲತಾರಲ್ಲ, ಅದು. ನಾನ ಅವರನ್ನ ತಾಸಗಟ್ಟಲೆ ನಿಲ್ಲಸ್ತೀನಿ. ನನ್ನ ಮಗಳನ್ನ ಯಾವನೋ ಹಂಗ ನಿಲ್ಲಸಬೇಕೇನು?"

"ಹಂಗಾರ ಮೊದಲ ನೀ ನಿಲ್ಲಸೂದು ಬಿಡು" ಅಂದೆ ನಾನು.

"ಅವ್ವಾ, ನೀ ನಡುವ ಬಾಯಿ ಹಾಕಬ್ಯಾಡ."

"ನಡುವ ಅಲ್ಲ, ನಾ ಮೊದಲಿಂದ ಇಲ್ಲೇ ಕುಂತೀನಿ."

ಅವನ ಮಾತು ಪೂರಾ ತಪ್ಪಂತ ನಾ ಹೇಳೂದಿಲ್ಲ. ಮಗಳ ಮ್ಯಾಲ ಜೀವ ಇಟ್ಟಾನ, ಅದಕ್ಕ ಸಂಕಟ. ಆದರ ತಾ ಮಂದೀಗೆ ಮಾಡಿದ್ದು ತನ್ನ ಕೂಸಿಗೆ ಆಗಬಾರದು ಅಂತ ಕೂಸಿನ್ನ ಮನ್ಯಾಗ ಕೂಡಿ ಹಾಕೂದು ನನಗ ಸೇರಲಿಲ್ಲ.

ಹುಡುಗಿ ಅಪ್ಪನ ಕೂಡ ವಾದಾ ಮಾಡಲಿಲ್ಲ. ತಯಾರಿಗೆ ಕುಂತಳು. ಕನ್ನಡಿ ಮುಂದ ಇಂಗ್ಲೀಷಿನ್ಯಾಗ ಮಾತಾಡೂದು, ಹಿತ್ತಲದಾಗ ಮರಾಠಿಯೊಳಗ ಮಾತಾಡೂದು. ದಿನಾ ಬಸ್ ಹತ್ತಿ ಚಿಕ್ಕೋಡಿಗೆ, ರಾಯಬಾಗಕ್ಕ ಹೋಗಿ ಅಂಗಡಿ ಅಂಗಡಿ ನಿಂತು ಯಾವ ಪಾಕೀಟು ಮುಂದ ಇಟ್ಟಾರ, ಯಾವುದು ಧೂಳಾಗ ಬಿದ್ದೈತಿ ಅಂತ ನೋಡಿ ಬರೂದು. ಅಲ್ಲಿನ ಗಾದಿ ಮಂದಿ ಆಕೀನ್ನ ಎಷ್ಟು ಹೊತ್ತು ನಿಲ್ಲಿಸಿದರೋ, ಮುಖಾ ಕೆಂಪಾಗಿರತಿತ್ತು. ಅಪ್ಪಗ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮಜ್ಜಗಿ ಕೊಟ್ಟೆ.

ಸಂಜೀಕ ನಾ ಸಾಹೇಬ ಆಗಬೇಕು, ಆಕಿ ನೌಕರಿಗೆ ಬಂದಾಕಿ. ನಾ ಮೂರನೇ ಇಯತ್ತೇಗೆ ಶಾಲಿ ಬಿಟ್ಟಾಕಿ, ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಆಕಿ ದಪ್ಪ ಅಕ್ಷರದಾಗ ಪ್ರಶ್ನೆ ಬರದು ಕೊಡತಿದ್ದಳು.

"ನಿನ್ನ ದೌ... ದೌರ್ಬಲ್ಯ ಏನು?"

"ಸರ್, ನಾನು ಕೆಲಸ ಹಿಡದ್ರ ಬಿಡೂದಿಲ್ಲ, ಅತಿಯಾಗಿ ದುಡೀತೀನಿ."

"ಸುಳ್ಳು. ಬಿಸಲ ಏರಿದ ಮ್ಯಾಲ ಏಳತಿ."

"ಆಯಿ, ಅದನ್ನ ಹಂಗ ಹೇಳೂದು."

"ಯಾರ ಹೇಳ್ಯಾರ?"

"ಯೂಟ್ಯೂಬಿನ್ಯಾಗ ಒಬ್ಬವ ಹೇಳ್ಯಾನ."

"ಅವಗರ ನೌಕರಿ ಸಿಕ್ಕೈತೇನು, ಯೂಟ್ಯೂಬಿನ್ಯಾಗ ಕುಂತಾನಲ್ಲ?"

ಆಕಿ ನಕ್ಕೋತ ಗ್ವಾಡಿಗೆ ಒರಗಿದಳು. ಆಮ್ಯಾಲ ಆ ಉತ್ತರ ಬದಲಿ ಮಾಡಿದಳು. ಮುಂಜಾನೆ ಲಗೂನ ಏಳಾಕೂ ಸುರು ಮಾಡಿದಳು.

ಆಗ ಕೊಲ್ಲಾಪುರ ಕಡೆ ಒಂದು ಮಸಾಲಿ ಕಂಪನಿಯವರು ಕರದರು. ಮಾರ್ಕೆಟಿಂಗ್ ಟ್ರೇನಿ. ಫೋನಿನ್ಯಾಗ ಮಾತಾಡಸಿ, ಬರಿಯಾಕ ಹಚ್ಚಿ, ಎಲ್ಲಾದರಾಗೂ ಪಾಸ್ ಅಂದರು. ಕಡೀ ಪರೀಕ್ಷಾ ಒಂದು ಉಳದಿತ್ತು. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕದ ಹೊಸಾ ಮಸಾಲಿ ತೆಗದಿದ್ದರು, ಜೈನರ ಸಲುವಾಗಿ. ಅದನ್ನ ನಿಪ್ಪಾಣಿ ಸಂತಿ ದಿನ ಟೇಬಲ್ ಹಾಕಿ, ಒಲಿ ಹಚ್ಚಿ, ಪಲ್ಲೆ ಮಾಡಿ ಬಂದವರಿಗೆ ರುಚಿ ತೋರಸಬೇಕು. ಕಂಪನಿ ಸಾಹೇಬ ಬಂದು ನೋಡತಾನ.

ಮಗಾ ಕೇಳಿ ಅಂದ, "ಅಥಣ್ಯಾಗ ಮಾಡಲಿ, ಇಲ್ಲಾ ಕಾಗವಾಡದಾಗ ಮಾಡಲಿ. ನಿಪ್ಪಾಣ್ಯಾಗ ಬ್ಯಾಡ. ಎಲ್ಲಾ ಬೀಗರು ಸಂತಿಗೆ ಬರತಾರ."

"ಮುಚ್ಚಿಡೂ ಕೆಲಸ ಆಗಿದ್ರ ಎಲ್ಲೂ ಬ್ಯಾಡ" ಅಂದೆ. "ಮುಚ್ಚಿಡೂ ಕೆಲಸ ಅಲ್ಲಂದ್ರ ಇಲ್ಲೇ ಆಗಲಿ. ಆಕಿ ಬಾಜೂಕ ನಾ ಕುಂದರತೀನಿ."

ಅವ ನನ್ನ ಮುಖಾ ನೋಡಿದ. ಗಾದಿಯವ ಅಲ್ಲೇನು, ಸೌದಾಕ್ಕ ಇಳದ. "ಆತು. ಒಂದ ಸಲ. ಈ ಸಲ ಸಿಕ್ಕರ ನಾ ಅಡ್ಡ ಬರೂದಿಲ್ಲ. ಸಿಗಲಿಲ್ಲಂದ್ರ ಇದು ಇಲ್ಲಿಗೆ ಬಂದ್. ನನ್ನ ಗಾದಿ ಬಾಜೂಕ ಕುರ್ಚಿ ಹಾಕಸ್ತೀನಿ, ಕಂಪ್ಯೂಟರಿನ್ಯಾಗ ಬಿಲ್ ತೆಕ್ಕೋಂತ ಇರಲಿ. ಮತ್ತ ಯಾವ ಕಂಪನೀನೂ ಇಲ್ಲ. ಮಾತ ಕೊಡು."

"ಕೊಟ್ಟೆ" ಅಂದೆ. ಮೊಮ್ಮಗಳೂ ಗೋಣು ಹಾಕಿದಳು.

ಟೇಬಲ್ ಎಲ್ಲಿ ಹಾಕೂದು ಅನ್ನೂದು ಬಂತು. ತನ್ನ ಅಂಗಡಿ ಮುಂದ ಮಗಾ ಜಾಗಾ ಕೊಡೂದಿಲ್ಲ ಅಂದ. ಅವನ ಅಂಗಡಿ ಎದುರಿಗೆ, ರಸ್ತೆಯ ಆ ಕಡೆ, ಮುಸಲ್ಮಾನರ ಹೆಣಮಗಳೊಬ್ಬಾಕಿ ಗಾಜಿನ ಬಳಿ ಅಂಗಡಿ ಇಟ್ಟಾಳ. ನನ್ನ ಮದವಿ ಆದಾಗಿಂದ ಆಕಿ ಅತ್ತಿ ಕಡೆ, ಆಮ್ಯಾಲ ಆಕಿ ಕಡೆನ ಬಳಿ ಇಟಗೊಂಡಾಕಿ ನಾನು. ಹೋಗಿ ಕೇಳಿದೆ.

"ಹಾಕ್ರಿ ಆಯಿ, ಕಟ್ಟಿ ಖಾಲಿನ ಐತಿ" ಅಂದಳು. ಆಮ್ಯಾಲ ಎದರ ಅಂಗಡಿ ಕಡೆ ಗದ್ದ ಎತ್ತಿದಳು. "ಶೇಠ್ರು ಏನರ ಅಂದ್ರ?"

"ಎದ್ದು ರಸ್ತೆ ದಾಟಿ ಬಂದರ ಅನ್ನಬೇಕಲ್ಲ. ಅವ ಗಾದಿ ಬಿಟ್ಟು ಏಳೂದಿಲ್ಲ."

ಸಂತಿ ದಿನ ಬಂತು. ಸೊಸಿ ಮನ್ಯಾಗ ನೆನಿ ಇಟ್ಟಿದ್ದ ಮಡಕಿಕಾಳು ಕಟ್ಟಿ ಕೊಟ್ಟಳು. ನಾನೂ ಮೊಮ್ಮಗಳೂ ಬೆಳಿಗ್ಗೇನ ಹೋಗಿ ಟೇಬಲ್ ಹಾಕಿದಿವಿ, ಮ್ಯಾಲ ಕಂಪನಿ ಕೊಟ್ಟ ಹಳದಿ ಅರಿವಿ. ಆಕಿ ಗ್ಯಾಸಿನ ಒಲಿ ಹಚ್ಚಿ ಕಾಳಪಲ್ಲೆ ಮಾಡಿದಳು. ವಾಸನಿ ಚಲೋ ಬಂತು. ಸಾಹೇಬನೂ ಬಂದ. ಮೂವತ್ತರ ಒಳಗಿನವ, ಇಸ್ತ್ರಿ ಅಂಗಿ, ಅರ್ಧ ಮರಾಠಿ ಅರ್ಧ ಕನ್ನಡ. ಬಳಿ ಅಂಗಡಿ ಒಳಗ ಸ್ಟೂಲ್ ಹಾಕ್ಕೊಂಡು ಕುಂತ.

ಮೊದಲ ಬಂದಾಕಿ ನಮ್ಮ ಬಸದಿ ಓಣಿ ಹೆಣಮಗಳು. ಮೊಮ್ಮಗಳು ನಮಸ್ಕಾರ ಮಾಡಿ, ಮಸಾಲಿ ವಿಚಾರ ಛಂದಂಗ ಹೇಳಿ, ಸಣ್ಣ ಬಟ್ಟಲದಾಗ ಪಲ್ಲೆ ಮುಂದ ಹಿಡದಳು. ಆಕಿ ಎಲ್ಲಾ ಕೇಳಿದಳು. ಬಟ್ಟಲ ಮುಟ್ಟಲಿಲ್ಲ.

"ಚಲೋ ಐತಿ ತಂಗಿ. ಆದರ ಇವತ್ತ ಚತುರ್ದಶಿ ಅಲ್ಲೇನವಾ, ನನ್ನ ಉಪವಾಸ."

ಎರಡನೇದಾಕಿ: "ನಂದು ಒಂದ ಹೊತ್ತಿನ ಊಟ. ಮನ್ಯಾಗ ಉಂಡ ಬಂದೀನಿ." ಅದರ ಹಿಂದಿನಾಕಿ ಬಟ್ಟಲ ನೋಡಿ ನನ್ನ ಮುಖಾ ನೋಡಿದಳು. "ಕಾಕೂ, ನೀವರ ತಿಂದೀರೇನು?"

ನಾ ಎಲ್ಲಿ ತಿನ್ನಲಿ. ನಾನೂ ಉಪವಾಸ. ಕಾಸಿ ಆರಿಸಿದ ನೀರಿನ ತಂಬಿಗಿ ಬಿಟ್ಟರ ಬ್ಯಾರೆ ಏನೂ ಇಲ್ಲ.

ಎಲ್ಲಾರೂ ಸೇರಿ ಎಂಥಾದ್ದು ಮಾಡಿದ್ದಿವಿ ನೋಡ್ರಿ. ಸಾಹೇಬ ಸಂತಿ ದಿನ ಅಂದ, ಮೊಮ್ಮಗಳು ಹೂಂ ಅಂದಳು. ಚತುರ್ದಶಿ ಅನ್ನೂದು ನನಗ ಗೊತ್ತಿತ್ತು. ಹಿಂದಿನ ಸಂಜೀಕ ಹೊತ್ತು ಮುಳಗೂ ಮೊದಲ ಉಂಡು ವ್ರತಾ ಹಿಡದಾಕಿ ನಾನು. ಕಾಳು ಕಟ್ಟಿಕೊಟ್ಟ ಸೊಸಿಗೂ ಅವತ್ತ ಒಪ್ಪತ್ತು. ಎಲ್ಲಾರೂ ತಮ್ಮ ತಮ್ಮ ಉಪವಾಸ ನೆನಪಿಟ್ಟಿವಿ. ಊರಾಗಿನ ಎಲ್ಲಾ ಜೈನ ಹೆಂಗಸರದೂ ಅವತ್ತ ಉಪವಾಸ ಅನ್ನೂದು ಒಬ್ಬರ ತಲ್ಯಾಗೂ ಬರಲಿಲ್ಲ. ಜೈನರ ಸಲುವಾಗಿ ಮಾಡಿದ ಮಸಾಲಿ, ಜೈನರ ಮನಿ ಹುಡುಗಿ, ಜೈನರು ಬಾಯಿ ತೆಗಿಯದ ದಿನ.

ಮೊಮ್ಮಗಳ ಮುಖಾ ಬೆಳ್ಳಗಾತು. "ಆಯಿ, ಈಗ?"

"ಈಗ ಏನು. ಪಲ್ಲೆ ಆಗೇತಿ. ತಿನ್ನೂವರಿಗೆ ಕೊಡು."

ಆಕಿ ಟೇಬಲ್ ಹಿಂದಿನಿಂದ ಹೊರಗ ಬಂದಳು. ಸಂತಿಗೆ ಬಂದ ಬೀಡಿ ಕಟ್ಟೂ ಹೆಂಗಸರನ್ನ ಕರದಳು, ಹಮಾಲರನ್ನ ಕರದಳು. ಅವರು ತಿಂದರು. ಒಬ್ಬಾಕಿ ಬಟ್ಟಲ ತಿರಿಗಿ ಕೊಟ್ಟು, "ಬಳ್ಳೊಳ್ಳಿ ಇಲ್ಲವಾ ಇದರಾಗ, ಜಡ್ಡಿನ ಮಂದಿಗೆ ಮಾಡಿದಂಗ ಐತಿ" ಅಂದು ಹೋದಳು. ಮೊಮ್ಮಗಳು ಅಳಲಿಲ್ಲ. "ಯಾಕ ಸೇರಲಿಲ್ಲ?" ಅಂತ ಬೆನ್ನ ಹತ್ತಿ ಕೇಳಿದಳು.

ಬಳಿ ಅಂಗಡಿಯಾಕಿ ಒಳಗಿಂದ ಬಂದು ತಾನ ಒಂದ ಬಟ್ಟಲ ತಗೊಂಡಳು. ಚಪ್ಪರಿಸಿ ಚಪ್ಪರಿಸಿ ತಿಂದಳು.

"ನಮ್ಮ ಮನ್ಯಾಗ ಇದು ನಡಿಯೂದಿಲ್ಲ ಬೇಟಾ. ನಮ್ಮ ಮನೀಯವರು ತಾಟು ಎತ್ತಿ ಒಗೀತಾರ. ಆದರ ಒಂದ ಪಾಕೀಟು ಕೊಡು."

"ಯಾಕ ಮತ್ತ?"

"ಮಗಳ ಶಾದಿ ಐತಿ. ನಿಮ್ಮ ಮಂದಿ ಬರತಾರ, ಬಾಳಿಹಣ್ಣು ತಿಂದು, ಲಗೂನ ಹೋಗಬೇಕ್ರಿ ಅಂತಾರ. ಬ್ಯಾರೆ ಒಲಿ ಹೂಡಿ, ನಿಮ್ಮವರನ್ನೇ ಅಡಗೀಗೆ ಹಚ್ಚತೀನಿ. ಮಸಾಲೀನೂ ಬ್ಯಾರೆ ತಂದೀನಿ ಅಂತ ಪಾಕೀಟು ತೋರಸತೀನಿ. ಉಣ್ಣೂದು ಬಿಡೂದು ನಿಮಗ ಬಿಟ್ಟದ್ದು."

ಮೊಮ್ಮಗಳು ಸೀದಾ ಹೋಗಿ ಸಾಹೇಬಗ ಹೇಳಿದಳು. ನನಗೂ ಕೇಳಸ್ತು. "ಸರ್, ನಮ್ಮ ಜೈನರ ಮನ್ಯಾಗ ವರ್ಷದ ಮಸಾಲಿ ಖಾರ ಬ್ಯಾಸಗ್ಯಾಗ ಕುಟ್ಟಿಸಿ ಇಡತಾರ. ಅವರು ಇದನ್ನ ತಗೋಳೂದಿಲ್ಲ. ಜೈನರಿಗೆ ಊಟಕ್ಕ ಹಾಕಬೇಕಾದವರು ತಗೋತಾರ. ಖಾನಾವಳಿಯವರು, ಹಾಸ್ಟೆಲ್ಲಿನವರು, ಮದವಿ ಅಡಗಿಯವರು. ನಾವು ಅವರ ಕಡೆ ಹೋಗಬೇಕು."

ಸಾಹೇಬ ಮೊಬೈಲಿನಿಂದ ತಲಿ ಎತ್ತಲಿಲ್ಲ. "ಮ್ಯಾಡಂ, ಅದು ಆಮ್ಯಾಲಿನ ಮಾತು. ನನಗ ಇವತ್ತ ಜೈನ ಹೆಂಗಸು ತಿನ್ನೋ ವಿಡಿಯೋ ಬೇಕು."

ಕಡೀಗೆ ಅವ ನನ್ನ ಕಡೆ ನೋಡಿದ. ಬಿಳಿ ಕೂದಲಾ, ತಲಿ ಮ್ಯಾಲ ಸೆರಗು. ಅವಗ ಬೇಕಾದದ್ದು ಸಿಕ್ಕಂಗಾತು. ನನ್ನ ಮುಂದ ಬಂದು ಬಗ್ಗಿ ಕುಂತ.

"ಆಜಿ, ಒಂದ ಚಮಚಾ. ಬಾಯಾಗ ಇಟ್ಟು ಸ್ವಲ್ಪ ನಗ್ರಿ. ನಾ ಮೊಬೈಲ್ ಬಂದ್ ಮಾಡಿದ ಮ್ಯಾಲ ಉಗುಳ್ರಿ, ಕಾಯ್ ಹರಕತ್ ನಾಹಿ."

"ನಿನಗ ಹರಕತ್ ಇಲ್ಲಪಾ. ನನ್ನ ಉಪವಾಸ ನಂದು. ನಗಬೇಕಂದ್ರ ನಗತೀನಿ, ತಿನ್ನೂದಿಲ್ಲ."

"ಬರೇ ನಗೂದು ತಗೊಂಡು ಏನ ಮಾಡಲಿ ಆಜಿ?" ಆಮ್ಯಾಲ ಮೊಮ್ಮಗಳ ಕಡೆ ತಿರಗಿದ. "ಮ್ಯಾಡಂ, ಸ್ವಂತ ಆಜೀನ್ನ ಒಪ್ಪಸಾಕ ಆಗೂದಿಲ್ಲ ಅಂದ್ರ ಗಿರಾಕೀನ್ನ ಹೆಂಗ ಒಪ್ಪಸ್ತೀರಿ? ನೀವ ವಿಚಾರ ಮಾಡ್ರಿ. ನಾ ಆಫೀಸಿಗೆ ಏನಂತ ಕಳಸಲಿ?"

ಸುತ್ತ ಮಂದಿ ನಿಂತಿತ್ತು. ಎದರಿಗೆ ಮಗಾ ಗಾದಿ ಮ್ಯಾಲ ಅರ್ಧ ಎದ್ದು ಕುತ್ತಿಗಿ ಉದ್ದ ಮಾಡಿ ನೋಡಾಕತ್ತಿದ್ದ. ಆ ನೌಕರಿ ನನಗ ಎಷ್ಟು ಬೇಕಿತ್ತು ಅನ್ನೂದು ನನಗೊಬ್ಬಾಕಿಗೆ ಗೊತ್ತು. ಸೋತರ ಆಕಿ ಗಾದಿ ಬಾಜೂಕಿನ ಕುರ್ಚಿಗೆ ಹೋಗತಾಳ, ಮಾತ ಆಗೇತಿ. ಚಮಚಾ ನನ್ನ ತುಟಿ ಮುಂದ ಇತ್ತು. ಮೊಮ್ಮಗಳು ಒಮ್ಮೆ ಆಯಿ ಅಂದಿದ್ದರ ಏನ ಮಾಡತಿದ್ದೆ ಅಂತ ಮಂದಿ ಆಮ್ಯಾಲ ಕೇಳಿದರು. ತಿನ್ನತಿರಲಿಲ್ಲ. ಎಷ್ಟು ಸಲ ಅಂದಿದ್ದರೂ ಅಷ್ಟ. ನನಗ ಏನೂ ದಾರಿ ಕಾಣಲಿಲ್ಲ, ಆದರ ಬಾಯಿ ಮಾತ್ರ ತೆಗಿಯೂದಿಲ್ಲ ಅನ್ನೂದು ಗಟ್ಟಿ ಇತ್ತು.

ಆಕಿ ಅನ್ನಲೂ ಇಲ್ಲ. ಬಂದು ಒಲಿ ಆರಿಸಿದಳು. ಅವನ ಕೈಯಾಗಿನ ಚಮಚಾ ಇಸಗೊಂಡು ಟೇಬಲ್ ಮ್ಯಾಲ ಇಟ್ಟಳು.

"ಸರ್, ನಮ್ಮಾಯಿ ಇವತ್ತ ತಿನ್ನೂದಿಲ್ಲ. ತಿಂದರ ನಿಮಗ ನುಕ್ಸಾನ. ಅರ್ಧ ಬಸದಿ ಓಣಿ ಇಲ್ಲೇ ನಿಂತು ನೋಡಾಕತ್ತೈತಿ. ಚತುರ್ದಶಿ ದಿನ ಮುದಕಿ ಬಾಯಾಗ ಚಮಚಾ ತುರುಕಿದ ಕಂಪನಿ ಅಂದ್ರ ನಿಮ್ಮ ಪಾಕೀಟು ಈ ತಾಲೂಕಿನ್ಯಾಗ ಯಾರೂ ಮುಟ್ಟೂದಿಲ್ಲ."

"ನನಗ ದಂಧೆ ಕಲಸಾಕ ಬಂದೀರೇನು?"

"ಇಲ್ಲ ಸರ್. ನೌಕರಿಗೆ ಬಂದೀನಿ."

ಅವ ಹಳದಿ ಅರಿವಿ ಮಡಚಿಕೊಂಡು, ಉಳದ ಪಾಕೀಟು ಎತ್ತಿಕೊಂಡು ಹೋದ. ಬಳಿ ಅಂಗಡಿಯಾಕಿ ತಾ ತಗೊಂಡ ಪಾಕೀಟಿನ ರೊಕ್ಕಾ ಅವನ ಹಿಂದ ಓಡಿ ಹೋಗಿ ಕೊಟ್ಟು ಬಂದಳು. ಅವತ್ತಿನ ವ್ಯಾಪಾರ ಅಷ್ಟ.

ಹೊತ್ತು ಇಳಿಯೂದರೊಳಗ ಆಕಿ ಫೋನಿಗೆ ಬಂತು, ನಿಮ್ಮನ್ನ ತಗೊಂಡಿಲ್ಲ ಅಂತ. ಮಗಾ ಅಂಗಡಿ ಲಗೂ ಮುಚ್ಚಿ ಮನಿಗೆ ಬಂದ. ಅವ ಜಂಬಾ ಮಾಡಲಿಲ್ಲ, ಅದನ್ನ ಹೇಳಬೇಕು. ಮಗಳ ತಲಿ ಮ್ಯಾಲ ಕೈ ಇಟ್ಟು, "ಬಿಡು, ನಾಳಿಂದ ಅಂಗಡಿಗೆ ಬಾ. ಕುರ್ಚಿ ಹೊಸಾದು ತರತೀನಿ" ಅಂದ. ಆಮ್ಯಾಲ ನನ್ನ ಕಡೆ ತಿರಗಿ ಕಣ್ಣಾಗ ನೀರು ತಂದ. "ಅವ್ವಾ, ನೀ ಬಾಯಿ ತೆಗೀಲಿಲ್ಲ ನೋಡು, ನಮ್ಮ ಮನಿ ಮರ್ಯಾದಿ ಉಳಸಿದಿ."

ಅಲ್ಲಿ ತನಾ ನನಗ ಸಿಟ್ಟು ಬಂದಿರಲಿಲ್ಲ. ಅವಾಗ ಬಂತು.

"ನಾ ಉಪವಾಸ ಮಾಡಿದ್ದು ನಿನ್ನ ಮರ್ಯಾದಿ ಸಲುವಾಗಿ ಅಲ್ಲ. ನಿನ್ನ ಅಂಗಡಿಗೆ ಬಿಲ್ ತೆಗಿಯೂ ಆಳು ಹಚ್ಚಾಕೂ ಅಲ್ಲ."

"ಸಿಟ್ಟ್ಯಾಕವ್ವಾ? ಮಾತ ಆಗಿತ್ತಲ್ಲ."

ಆಗಿತ್ತು. ಅವರೆಲ್ಲಾ ಹೊತ್ತು ಮುಳಗೂ ಮೊದಲ ಉಂಡರು. ಹುಡುಗಿ ಎರಡು ತುತ್ತು ತಿಂದು ಎದ್ದಳು. ಸೊಸಿ ತಾಟು ಎತ್ತಾಕ ಬಂದಾಗ ನನ್ನ ಕಿವ್ಯಾಗ ಅಂದಳು, "ಅತ್ತಿ, ಅಥಣ್ಯಾಗ ಹನಿ ನೀರಾವರಿ ಪೈಪಿನ ಕಂಪನಿಯವರು ನಾಳೆ ಇಂಟರ್‌ವ್ಯೂ ಇಟ್ಟಾರಂತ. ಅದೂ ಆಕಿ ಕಲತ ಮಾರ್ಕೆಟಿಂಗ್ ನೌಕರೀನ. ಅಪ್ಪಗ ಮಾತ ಕೊಟ್ಟೀನಿ, ಹೋಗೂದಿಲ್ಲ ಅಂತಾಳ."

ನಾ ಹುಡುಗಿ ಮಲಗೂ ಖೋಲಿಗೆ ಹೋದೆ. ಕಾಗದಾ ಎಲ್ಲಾ ಪಿಶವಿಯೊಳಗ ತುಂಬಾಕತ್ತಿದ್ದಳು.

"ಅಥಣಿದು ಯಾಕ ಹೇಳಲಿಲ್ಲ?"

"ಮಾತ ಕೊಟ್ಟೀವಲ್ಲ ಆಯಿ."

"ಪೈಪಿಗೆ ಉಪವಾಸ ಇರತೈತೇನು?"

ಆಕಿಗೆ ನಗು ಬರಲಿಲ್ಲ. "ಇವತ್ತ ನಾ ಸೋತೀನಿ ಆಯಿ. ಅಪ್ಪ ಹೇಳಿದ್ದ ಆತು."

"ಸೋತದ್ದು ಅವನ ವಿಡಿಯೋ. ನೀ ಆ ಬಳಿ ಅಂಗಡಿಯಾಕಿ ಮಾತ ಕೇಳಿ ಸಾಹೇಬಗ ಏನ ಹೇಳಿದಿ, ಅದನ್ನ ನಾ ಕೇಳೀನಿ. ಅದು ಸೋತಾಕಿ ಮಾತಲ್ಲ. ಕಾಗದಾ ಹೊರಗ ತೆಗಿ."

ಆಕಿ ತೆಗೀಲಿಲ್ಲ. ಹಸದ ಹೊಟ್ಟ್ಯಾಗ ಬಾಳ ಮಾತಾಡಿದರ ನನಗ ತಲಿ ತಿರಗತೈತಿ. ಹೋಗಿ ಮಲಗಿದೆ.

ಮರುದಿನ ಬೆಳಿಗ್ಗೆ ಜಳಕಾ ಮಾಡಿ, ಬಸದಿಗೆ ಹೋಗಿ ಬಂದು, ಹೆಸರಬ್ಯಾಳಿ ಗಂಜಿ ಕುಡದು ಉಪವಾಸ ಬಿಟ್ಟೆ. ಆಮ್ಯಾಲ ಮೊಮ್ಮಗಳ ಹೊದಿಕಿ ಎಳದೆ. ಪಿಶವಿಯೊಳಗಿನ ಕಾಗದಾ ಆಕಿ ಹಾಸಿಗಿ ಮ್ಯಾಲ ಸುರುವಿ, ಯಾವುದು ಬೇಕು ಆರಿಸಿಕೋ ಅಂದೆ. ಆಕಿ ನನ್ನ ಮುಖಾ ನೋಡಿ ಎದ್ದು ಕುಂತಳು. ಆರಿಸಿಕೊಂಡಳು. ಸೊಸಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೈಗೆ ಕೊಟ್ಟಳು.

ಮಗಾ ಪಡಸಾಲ್ಯಾಗ ಅಂಗಿ ಗುಂಡಿ ಹಾಕ್ಕೊಂತಿದ್ದ. "ಎಲ್ಲಿಗೆ?"

"ಅಥಣಿಗೆ."

"ಮತ್ತ ಮಾತ?"

"ನಾ ಕೊಟ್ಟಿದ್ದೆ. ತಿರಿಗಿ ತಗೊಂಡೆ."

ಅವ ಗುಂಡಿ ಬಿಟ್ಟು ನಿಂತ. "ನಿನ್ನೆ ಅಷ್ಟು ಮಂದ್ಯಾಗ ವ್ರತಾ ಮುರೀಲಿಲ್ಲ. ಇವತ್ತ ಮಗನ ಮಾತ ಮುರೀತಿ ಏನವ್ವಾ?"

"ಹೌದು. ಅದು ದೇವರಿಗೆ ಕೊಟ್ಟದ್ದು, ಇದು ನಿನಗ ಕೊಟ್ಟದ್ದು. ದೇವರು ಅಂಗಡಿ ಇಟ್ಟು ಈ ಹುಡುಗೀನ್ನ ಬಿಲ್ ತೆಗಿಯಾಕ ಕರದಿಲ್ಲ."

ಅವ ಬಾಗಲಕ್ಕ ಅಡ್ಡ ನಿಲ್ಲಲಿಲ್ಲ, ದಾರೀನೂ ಬಿಡಲಿಲ್ಲ. ನಾ ಅವನ್ನ ಬಾಜೂಕ ಸರಿಸಿ ದಾಟಿದೆ. ಅವನ ಕಡೆ ಗಾಡಿ ಕೇಳಲಿಲ್ಲ, ರೊಕ್ಕಾ ಕೇಳಲಿಲ್ಲ. ಹೆಂಗಸರಿಗೆ ಸರಕಾರಿ ಬಸ್ ಬಿಟ್ಟಿ ಆಗಿತ್ತು. ನಿಪ್ಪಾಣಿ ಬಸ್‌ಸ್ಟ್ಯಾಂಡಿನ್ಯಾಗ ಗದ್ಲಾ ಇತ್ತು, ಮೊಣಕೈಲೆ ಜಾಗಾ ಮಾಡಿಕೊಂಡು ಹತ್ತಿದೆ, ಆಕೀನ್ನ ಹಿಂದ ಎಳಕೊಂಡೆ. ಕಿಡಕಿ ಕಡೆ ನಾ ಕುಂತೆ. ಕಂಡಕ್ಟರ್ ಬಂದಾಗ ಇಬ್ಬರದೂ ಆಧಾರ್ ಕಾರ್ಡು ಮುಂದ ಹಿಡದು, "ಅಥಣಿ, ಎರಡು" ಅಂದೆ.